ಹಳೆಯ ಕೊಟ್ಟಿಗೆ ಕೆಡಹುವ ಮುನ್ನ: ಕಲ್ನಾರು ಶೀಟುಗಳ ಸುರಕ್ಷಿತ ನಿರ್ವಹಣೆ

ನಮ್ಮ ಹಳ್ಳಿಗಳಲ್ಲಿ ದನದ ಕೊಟ್ಟಿಗೆ, ಕೋಳಿಮನೆ, ರೇಷ್ಮೆಹುಳು ಸಾಕುವ ಮನೆ, ಪಂಪುಮನೆ, ಗೊಬ್ಬರದ ಗೋದಾಮು ಮುಂತಾದ ಕಟ್ಟಡಗಳಿಗೆ ಕಲ್ನಾರು ಸಿಮೆಂಟಿನ ಶೀಟು ಹೊದಿಸುವುದು ಬಹುಕಾಲದಿಂದ ರೂಢಿಯಲ್ಲಿದೆ. ಹುಲ್ಲಿನ ಛಾವಣಿಯಂತೆ ಮತ್ತೆ ಮತ್ತೆ ಹೊದಿಸುವ ಕೆಲಸವಿಲ್ಲ, ತಗಡಿನಂತೆ ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕೈಗೆಟಕುವಂಥದು. ಈ ಕಾರಣಗಳಿಂದ ರೈತರು ಇದನ್ನು ಮೆಚ್ಚಿದರು. ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಅಂಥ ಕಟ್ಟಡಗಳು ಈಗ ಹಳೆಯದಾಗಿವೆ. ಅವುಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ಎಲ್ಲೆಡೆಯೂ ನಡೆಯುತ್ತಿದೆ.

ಕಳೆದ ಬೇಸಿಗೆಯಲ್ಲಿ ಪ್ರಾತ್ಯಕ್ಷಿಕೆಯ ತಾಕು ನೋಡಲು ಹಳ್ಳಿಯೊಂದಕ್ಕೆ ಹೋಗಿದ್ದಾಗ ಇಂಥದೇ ಕೆಲಸವನ್ನು ಕಂಡೆ. ಜೆಸಿಬಿ ಯಂತ್ರವು ಕೊಟ್ಟಿಗೆಯನ್ನು ಛಾವಣಿಸಮೇತ ನೂಕಿ ಕೆಡವಿತು. ಶೀಟುಗಳು ಪುಡಿಪುಡಿಯಾಗಿ ಬೂದು ಬಣ್ಣದ ಧೂಳು ಎದ್ದಿತು. ಮಕ್ಕಳು ಹತ್ತಿರದಲ್ಲೇ ನಿಂತು ನೋಡುತ್ತಿದ್ದರು. ಕೂಲಿಗೆ ಬಂದಿದ್ದ ಹೆಂಗಸರು ಒಡೆದ ಚೂರುಗಳನ್ನು ಬರಿಗೈಯಲ್ಲಿ ಬಾಂಡ್ಲಿಗೆ ತುಂಬಿ ಟ್ರೈಲರಿಗೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಕೆಸರಾಗುವ ಗಾಡಿದಾರಿಗೆ ಅದನ್ನು ಹರಡುವುದೆಂದು ತಿಳಿಯಿತು. ಧೂಳಿನ ಅಪಾಯವನ್ನು ಹೇಳಿದಾಗ ಆ ರೈತರು ಕೇಳಿದ ಪ್ರಶ್ನೆ ಹೀಗಿತ್ತು: "ಮೂವತ್ತು ವರ್ಷ ಇದರ ಕೆಳಗೇ ದನ ಕಟ್ಟಿದ್ದೀವಿ, ನಾವೂ ಮಲಗಿದ್ದೀವಿ. ಏನೂ ಆಗಲಿಲ್ಲ. ಈಗ ಒಂದು ದಿನದಲ್ಲಿ ಏನಾಗುತ್ತೆ ಸ್ವಾಮಿ?"

ಪ್ರಶ್ನೆ ನ್ಯಾಯವಾದುದೇ. ಮೂವತ್ತು ವರ್ಷ ಸುಮ್ಮನಿದ್ದ ವಸ್ತು ಕೆಡಹುವ ದಿನ ಏಕೆ ಅಪಾಯಕಾರಿಯಾಗುತ್ತದೆ ಮತ್ತು ಆ ಅಪಾಯವನ್ನು ಹೇಗೆ ತಪ್ಪಿಸಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಲ್ನಾರು ಎಂದರೇನು?

ಕಲ್ನಾರು ಅಥವಾ ಆಸ್‌ಬೆಸ್ಟಾಸ್ ಎಂಬುದು ಭೂಮಿಯಲ್ಲಿ ದೊರೆಯುವ ಒಂದು ಬಗೆಯ ಖನಿಜ. ಹೆಸರೇ ಹೇಳುವಂತೆ ಇದು ಕಲ್ಲಾದರೂ ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ರಾಜ್ಯದ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲೂ ಈ ಖನಿಜವಿದೆ. ಬಿಳಿ, ನೀಲಿ, ಕಂದು ಎಂದು ಇದರಲ್ಲಿ ಬಗೆಗಳುಂಟು. ಶೀಟು ತಯಾರಿಕೆಗೆ ಹೆಚ್ಚಾಗಿ ಬಳಕೆಯಾಗಿರುವುದು ಬಿಳಿ ಕಲ್ನಾರು.

ಕಲ್ನಾರಿನ ಎಳೆಯನ್ನು ಸಿಮೆಂಟಿನೊಡನೆ ಬೆರೆಸಿ ತೆಳುವಾದ ಹಾಳೆ ಮಾಡುವ ವಿಧಾನಕ್ಕೆ ಆಸ್ಟ್ರಿಯಾ ದೇಶದ ಲುಡ್ವಿಗ್ ಹಾಚೆಕ್ ಎಂಬುವರು 1901ರಲ್ಲಿ ಹಕ್ಕುಪತ್ರ ಪಡೆದರು. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಇದರ ಉತ್ಪಾದನೆ ಆರಂಭವಾಯಿತು. ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ಕಲಸಿದರೆ ಗೋಡೆ ಬಿರುಕು ಬಿಡುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯ. ಶೀಟಿನಲ್ಲಿ ಕಲ್ನಾರು ಮಾಡುವ ಕೆಲಸವೂ ಅದೇ. ಸಾಮಾನ್ಯವಾಗಿ ಶೀಟಿನ ತೂಕದಲ್ಲಿ ನೂರಕ್ಕೆ ಸುಮಾರು 10 ಭಾಗ ಕಲ್ನಾರು, ಉಳಿದದ್ದು ಮುಖ್ಯವಾಗಿ ಸಿಮೆಂಟು.

ಅಪಾಯ ಉಂಟಾಗುವ ಬಗೆ

ಕಲ್ನಾರಿನ ಒಂದು ಎಳೆಯನ್ನು ಸೀಳಿದರೆ ಅದಕ್ಕಿಂತ ಸಪುರವಾದ ಹಲವು ಎಳೆಗಳಾಗುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಎಳೆಗಳ ದಪ್ಪ 3 ಮೈಕ್ರಾನಿಗಿಂತ ಕಡಿಮೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಆದ್ದರಿಂದ ಗಾಳಿಯಲ್ಲಿ ಹಾರುವ ಈ ಎಳೆಗಳು ಕಣ್ಣಿಗೆ ಕಾಣುವುದಿಲ್ಲ. ಇವುಗಳಿಗೆ ವಾಸನೆಯಿಲ್ಲ. ಉಸಿರಿನೊಡನೆ ಒಳಹೋದಾಗ ನೋವಾಗಲಿ ಉರಿಯಾಗಲಿ ಆಗುವುದಿಲ್ಲ.

ಕಣದಲ್ಲಿ ಭತ್ತ ತೂರುವಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಜಳ್ಳು ಸ್ವಲ್ಪ ದೂರ ಹೋಗಿ ಬೀಳುತ್ತದೆ, ಸಣ್ಣ ದೂಳು ಗಾಳಿಯಲ್ಲಿ ತೇಲಿ ಹೋಗುತ್ತದೆ. ಶೀಟು ಒಡೆದಾಗಲೂ ಹೀಗೆಯೇ. ಕಣ್ಣಿಗೆ ಕಾಣುವ ಚೂರು ಕೆಳಗೆ ಬೀಳುತ್ತದೆ. ಅಪಾಯ ತರುವ ಎಳೆ ಗಂಟೆಗಟ್ಟಲೆ ಗಾಳಿಯಲ್ಲಿರಬಲ್ಲದು.

ಉಸಿರಿನೊಡನೆ ಒಳಹೋದ ಎಳೆಗಳಲ್ಲಿ ಕೆಲವು ಕಫದೊಡನೆ ಹೊರಬರುತ್ತವೆ. ಉಳಿದವು ಶ್ವಾಸಕೋಶದಲ್ಲಿ ಬಹುಕಾಲ ನಿಲ್ಲುತ್ತವೆ. ಇವುಗಳಿಂದ ಬರುವ ಮುಖ್ಯ ಕಾಯಿಲೆಗಳು ಮೂರು. ಮೊದಲನೆಯದು ಆಸ್‌ಬೆಸ್ಟೋಸಿಸ್. ಇದರಲ್ಲಿ ಶ್ವಾಸಕೋಶ ಗಡುಸಾಗಿ ಉಸಿರಾಟ ಕಷ್ಟವಾಗುತ್ತದೆ. ಎರಡನೆಯದು ಶ್ವಾಸಕೋಶದ ಕ್ಯಾನ್ಸರು. ಮೂರನೆಯದು ಎದೆ ಮತ್ತು ಹೊಟ್ಟೆಯ ಒಳಪೊರೆಗೆ ಬರುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಳಿ ಕಲ್ನಾರೂ ಸೇರಿದಂತೆ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ.

ಈ ಕಾಯಿಲೆಗಳು ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 20 ರಿಂದ 40 ವರ್ಷ ಹಿಡಿಯುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಕಲ್ನಾರು ಕಾರ್ಖಾನೆಗಳ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರದ್ದೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಲು ಇದೇ ಕಾರಣ. ಇಂದು ಧೂಳು ಕುಡಿದ ಇಪ್ಪತ್ತರ ತರುಣನಿಗೆ ಅದರ ಫಲ ಐವತ್ತರಲ್ಲಿ ತಿಳಿಯಬಹುದು. ಆಗ ಅವನಿಗೆ ಆ ಕೊಟ್ಟಿಗೆಯ ನೆನಪೂ ಇರಲಾರದು.

ಅಪಾಯದ ಪ್ರಮಾಣ

ಈ ವಿಷಯದಲ್ಲಿ ಉದಾಸೀನ ಸಲ್ಲದು. ಹಾಗೆಯೇ ಅನಗತ್ಯ ಭಯವೂ ಬೇಡ. ಒಡೆಯದೆ ಇರುವ ಶೀಟಿನಲ್ಲಿ ಎಳೆಗಳು ಸಿಮೆಂಟಿನಲ್ಲಿ ಹುದುಗಿರುತ್ತವೆ. ಅದರ ಕೆಳಗೆ ದನ ಕಟ್ಟಿದ ಮಾತ್ರಕ್ಕೆ, ಮನುಷ್ಯರು ಮಲಗಿದ ಮಾತ್ರಕ್ಕೆ ಹೆಚ್ಚಿನ ಅಪಾಯವಿಲ್ಲ. ಶೀಟನ್ನು ಕೊರೆದಾಗ, ಗರಗಸದಿಂದ ಕೊಯ್ದಾಗ, ಉಜ್ಜಿದಾಗ, ಒಡೆದಾಗ, ಪುಡಿಯಾದ ಚೂರುಗಳ ಮೇಲೆ ಚಕ್ರ ಹರಿದಾಗ ಮಾತ್ರ ಎಳೆಗಳು ಬಿಡುಗಡೆಯಾಗುತ್ತವೆ. ಆ ರೈತರ ಪ್ರಶ್ನೆಗೆ ಇದೇ ಉತ್ತರ. ಮೂವತ್ತು ವರ್ಷ ಸಿಮೆಂಟು ಹಿಡಿದಿಟ್ಟಿದ್ದನ್ನು ಯಂತ್ರವು ಒಂದು ಗಂಟೆಯಲ್ಲಿ ಗಾಳಿಗೆ ಬಿಡುತ್ತದೆ.

ಹಳೆಯ ಶೀಟಿನ ವಿಷಯದಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಹಲವು ವರ್ಷಗಳ ಮಳೆ ಬಿಸಿಲಿಗೆ ಮೇಲ್ಮೈಯ ಸಿಮೆಂಟು ಸವೆದು ಎಳೆಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಅಂಥ ಶೀಟನ್ನು ಕೈಯಿಂದ ಸವರಿದರೂ ಬೂದಿಯಂಥ ಪುಡಿ ಬರುತ್ತದೆ. ಮಳೆನೀರಿನೊಡನೆ ಈ ಪುಡಿ ಸೂರಿನ ದೋಣಿಯಲ್ಲಿಯೂ ಸೂರಿನಡಿಯ ಮಣ್ಣಿನಲ್ಲಿಯೂ ಸೇರಿರುತ್ತದೆ. ಆದ್ದರಿಂದ ಹೊಸ ಶೀಟಿಗಿಂತ ಹಳೆಯ ಶೀಟನ್ನು ಹೆಚ್ಚು ಎಚ್ಚರಿಕೆಯಿಂದ ಮುಟ್ಟಬೇಕು.

ಒಳಹೊಕ್ಕ ಎಳೆಗಳ ಪ್ರಮಾಣ ಹೆಚ್ಚಿದಂತೆ ಕಾಯಿಲೆಯ ಸಂಭವವೂ ಹೆಚ್ಚುತ್ತದೆ. ಜೀವನದಲ್ಲಿ ಒಮ್ಮೆ ಕೊಟ್ಟಿಗೆ ಕೆಡಹುವ ರೈತನಿಗಿಂತ ಊರೂರು ತಿರುಗಿ ಕಟ್ಟಡ ಕೆಡಹುವ ಕೂಲಿಗಾರರು, ಮೇಸ್ತ್ರಿಗಳು, ಯಂತ್ರದ ಚಾಲಕರು, ಹಳೇ ಸಾಮಾನು ಕೊಳ್ಳುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ನಮ್ಮ ಮನೆಯ ಕೆಲಸಕ್ಕೆ ಬಂದವರ ಆರೋಗ್ಯ ಕಾಪಾಡುವುದು ನಮ್ಮ ಹೊಣೆಯೇ ಆಗಿದೆ. ಮಕ್ಕಳ ಮುಂದೆ ಬಹಳ ವರ್ಷಗಳ ಆಯಸ್ಸಿರುವುದರಿಂದ ಅವರನ್ನು ಈ ಕೆಲಸದಿಂದ ದೂರವಿಡಬೇಕು.

ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಬಹುಪಾಲು ಹೆಚ್ಚು. ಅಮೆರಿಕದಲ್ಲಿ ಕಲ್ನಾರಿನ ಹೊದಿಕೆಯ ಕೆಲಸ ಮಾಡುತ್ತಿದ್ದವರ ಬಗ್ಗೆ 1979ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡೂ ಸೋಂಕದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಕಲ್ನಾರಿನ ಕೆಲಸ ಮಾತ್ರ ಮಾಡಿದವರಲ್ಲಿ ಸುಮಾರು 5 ಪಟ್ಟು, ಧೂಮಪಾನ ಮಾತ್ರ ಮಾಡಿದವರಲ್ಲಿ ಸುಮಾರು 11 ಪಟ್ಟು, ಎರಡೂ ಇದ್ದವರಲ್ಲಿ 50 ಪಟ್ಟಿಗೂ ಹೆಚ್ಚಾಗಿತ್ತು. ಅವರು ವರ್ಷಗಟ್ಟಲೆ ದಟ್ಟವಾದ ಧೂಳಿನಲ್ಲಿ ದುಡಿದವರು ಎಂಬುದು ನಿಜ. ಆದರೂ ಎರಡೂ ಕೂಡಿದರೆ ಕೇಡು ಎಷ್ಟು ಬೆಳೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹೊರದೇಶಗಳ ಎರಡು ಪಾಠಗಳು

ಕಾರ್ಖಾನೆಯ ಒಳಗೆ ಕಾಲಿಡದವರಿಗೂ ಈ ಕಾಯಿಲೆ ಬಂದ ಉದಾಹರಣೆಗಳಿವೆ. ಲಂಡನ್ ಪ್ರದೇಶದ 76 ಮೀಸೊಥೀಲಿಯೋಮ ರೋಗಿಗಳನ್ನು ಕುರಿತು 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 9 ಮಂದಿ ಕಲ್ನಾರಿನ ಕೆಲಸಗಾರರ ಮನೆಯವರಾಗಿದ್ದರು. ಇವರಲ್ಲಿ ಹೆಚ್ಚಿನವರು ಗಂಡನ ಕೆಲಸದ ಬಟ್ಟೆ ಒಗೆಯುತ್ತಿದ್ದ ಹೆಂಡತಿಯರು.

ಎರಡನೆಯದು ನೆದರ್‌ಲ್ಯಾಂಡ್ಸ್ ದೇಶದ ಗೋರ್ ಎಂಬ ಊರಿನದು. ಅಲ್ಲಿನ ಕಲ್ನಾರು ಸಿಮೆಂಟು ಕಾರ್ಖಾನೆಯ ತ್ಯಾಜ್ಯವನ್ನು 1935 ರಿಂದ 1974 ರವರೆಗೆ ಸುತ್ತಲಿನ ಜನರಿಗೆ ಪುಕ್ಕಟೆಯಾಗಿ ಕೊಡಲಾಯಿತು. ರೈತರು ಅದನ್ನು ಅಂಗಳಕ್ಕೆ, ಹಿತ್ತಲಿಗೆ, ಹೊಲದ ದಾರಿಗೆ ಹಾಕಿ ಗಟ್ಟಿ ಮಾಡಿಕೊಂಡರು. ಮುಂದೆ ಆ ಕಾರ್ಖಾನೆಯಲ್ಲಿ ಒಂದು ದಿನವೂ ದುಡಿಯದ ಹೆಂಗಸರಲ್ಲಿ ಮೀಸೊಥೀಲಿಯೋಮ ಕಾಣಿಸಿಕೊಂಡಿತು. ಒಡೆದ ಶೀಟಿನ ಚೂರಿಗಿಂತ ಕಾರ್ಖಾನೆಯ ತ್ಯಾಜ್ಯದಲ್ಲಿ ಸಡಿಲವಾದ ಎಳೆ ಹೆಚ್ಚು. ಆದರೆ ಚೂರುಗಳನ್ನು ದಾರಿಗೆ ಹಾಕಿದರೆ ಗಾಡಿ ಟ್ರ್ಯಾಕ್ಟರುಗಳ ಚಕ್ರ ದಿನವೂ ಅವುಗಳನ್ನು ಅರೆಯುತ್ತದೆ. ಒಂದು ದಿನದ ಧೂಳು ಆಗ ಹತ್ತಾರು ವರ್ಷದ ಧೂಳಾಗುತ್ತದೆ.

ಕೆಡಹುವ ಮುನ್ನ ಪರಿಶೀಲನೆ

ಕಟ್ಟಡ ಕೆಡಹುವುದೆಂದು ತೀರ್ಮಾನಿಸಿದ ಕೂಡಲೇ ಅದನ್ನು ಒಮ್ಮೆ ಸುತ್ತಿ ನೋಡಿ, ಕಲ್ನಾರು ಇರಬಹುದಾದ ಎಲ್ಲ ವಸ್ತುಗಳನ್ನೂ ಪಟ್ಟಿ ಮಾಡಬೇಕು. ಅವು ಈ ಕೆಳಕಂಡಂತಿವೆ.

1. ಅಲೆಅಲೆಯಾದ ಛಾವಣಿ ಶೀಟು ಮತ್ತು ಛಾವಣಿಯ ನೆತ್ತಿಗೆ ಹೊದಿಸಿದ ಮುಚ್ಚಳ ತುಂಡು.
2. ಗೋಡೆಗೆ ಅಥವಾ ಒಳಛಾವಣಿಗೆ ಹಾಕಿದ ಸಪಾಟು ಹಾಳೆ.
3. ಮಳೆನೀರಿನ ದೋಣಿ, ಇಳಿಕೊಳವೆ, ಹೊಗೆಕೊಳವೆ.
4. ಹಳೆಯ ಸಿಮೆಂಟು ಬಣ್ಣದ ನೀರಿನ ತೊಟ್ಟಿ ಮತ್ತು ನೆಲದಲ್ಲಿ ಹೂತ ನೀರಾವರಿ ಕೊಳವೆ.
5. ಮೂಲೆಯಲ್ಲಿ ಕೂಡಿಹಾಕಿದ ಹಳೆಯ ಟ್ರ್ಯಾಕ್ಟರ್ ಬ್ರೇಕ್ ಪಟ್ಟಿ, ಕ್ಲಚ್ ಬಿಲ್ಲೆ, ಇಂಜಿನ್ನಿನ ಗ್ಯಾಸ್ಕೆಟ್ಟು, ಒಲೆ ಅಥವಾ ಬಾಯ್ಲರಿಗೆ ಸುತ್ತಿದ ಬಿಳಿ ಹಗ್ಗ.

ಇತ್ತೀಚಿನ ವರ್ಷಗಳಲ್ಲಿ ಕಲ್ನಾರಿಲ್ಲದೆ ಬೇರೆ ನಾರು ಬಳಸಿದ ಶೀಟುಗಳೂ ಮಾರುಕಟ್ಟೆಗೆ ಬಂದಿವೆ. ನೋಡಿದ ಮಾತ್ರಕ್ಕೆ ಇವೆರಡರ ವ್ಯತ್ಯಾಸ ತಿಳಿಯದು. ಖಾತ್ರಿಯಿಲ್ಲದಿದ್ದರೆ ಕಲ್ನಾರೇ ಎಂದು ತಿಳಿದು ನಡೆಯುವುದು ಲೇಸು. ಪರೀಕ್ಷಿಸಲೆಂದು ಶೀಟನ್ನು ಮುರಿದು ನೋಡಕೂಡದು.

ಪಂಚಾಯಿತಿ ಕಛೇರಿಗೆ ಮುಂಚಿತವಾಗಿ ಲಿಖಿತ ತಿಳಿವಳಿಕೆ ಕೊಟ್ಟು, ಇಳಿಸಿದ ಶೀಟನ್ನು ಎಲ್ಲಿಗೆ ಒಪ್ಪಿಸಬೇಕೆಂದು ಕೇಳಿಕೊಳ್ಳಬೇಕು. ಯಂತ್ರದವರೊಡನೆ ಮಾತಾಡುವಾಗ "ಶೀಟು ಇಳಿಸಿ, ನೆಲ ಶುಚಿ ಮಾಡಿದ ಮಾರನೆಯ ದಿನ ಬನ್ನಿ" ಎಂದು ದಿನ ಗೊತ್ತುಮಾಡಬೇಕು. ಯಂತ್ರವೂ ಶೀಟು ಇಳಿಸುವವರೂ ಒಂದೇ ದಿನ ಬಂದರೆ ಅವಸರದಲ್ಲಿ ಎಲ್ಲವೂ ಕೆಡುತ್ತದೆ.

ಪೂರ್ವಸಿದ್ಧತೆ

ಕಾಲ: ಗಾಳಿಯಿಲ್ಲದ ಬೆಳಗಿನ ಹೊತ್ತು ಈ ಕೆಲಸಕ್ಕೆ ಯೋಗ್ಯ. ಬೇಸಿಗೆಯ ಮಧ್ಯಾಹ್ನದ ಗಾಳಿಯಲ್ಲಾಗಲಿ ಆಷಾಢದ ಗಾಳಿಯಲ್ಲಾಗಲಿ ಮಾಡಕೂಡದು. ಮಳೆ ಬರುವಾಗ ಛಾವಣಿ ಜಾರುವುದರಿಂದ ಆಗಲೂ ಸಲ್ಲದು.

ಸ್ಥಳ: ದನಕರು, ಕುರಿ, ಕೋಳಿಗಳನ್ನು ಹಿಂದಿನ ದಿನವೇ ದೂರ ಕಟ್ಟಬೇಕು. ಹುಲ್ಲು, ಹಿಂಡಿ, ಧಾನ್ಯಗಳನ್ನು ಸಾಗಿಸಬೇಕು. ಸಾಗಿಸಲಾಗದ ಮೆದೆ, ನೀರಿನ ತೊಟ್ಟಿ, ಬಾವಿಗಳನ್ನು ಟಾರ್ಪಾಲಿನಿಂದ ಮುಚ್ಚಬೇಕು. ಪಕ್ಕದ ಮನೆಗಳವರಿಗೆ ತಿಳಿಸಿ ಕಿಟಕಿ ಬಾಗಿಲು ಹಾಕಿಕೊಳ್ಳಲು ಹೇಳಬೇಕು. ಕಟ್ಟಡದ ಸುತ್ತ ಹಗ್ಗ ಕಟ್ಟಿ, ಕೆಲಸದವರ ಹೊರತು ಯಾರೂ ಒಳಗೆ ಬಾರದಂತೆ ನೋಡಿಕೊಳ್ಳಬೇಕು.

ಮುಖಕವಚ: ಟವೆಲ್ಲು ಅಥವಾ ಕರ್ಚೀಫು ಕಟ್ಟಿಕೊಂಡರೆ ಈ ಎಳೆಗಳು ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯವರು ಹಾಕುವ ತೆಳು ಮಾಸ್ಕೂ ಸಾಲದು. ಕೈಗಾರಿಕಾ ಸುರಕ್ಷಾ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಎಫ್‌ಎಫ್‌ಪಿ 3 ಅಥವಾ ಪಿ 100 ದರ್ಜೆಯ ಮಾಸ್ಕು ಉತ್ತಮ. ಅದು ದೊರೆಯದಿದ್ದರೆ 2020ರ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಯವಾಗಿರುವ ಎನ್ 95 ಮಾಸ್ಕನ್ನಾದರೂ ಮೂಗಿನ ಮೇಲೆ ಬಿಗಿಯಾಗಿ ಕೂರುವಂತೆ ಧರಿಸಬೇಕು. ಗಡ್ಡವಿದ್ದರೆ ಮಾಸ್ಕು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

ಉಡುಪು: ಬಳಸಿ ಎಸೆಯುವ ಮೈಗವಚ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ತುಂಬುತೋಳಿನ ಹಳೆಯ ಬಟ್ಟೆ ತೊಟ್ಟು, ಕೆಲಸವಾದ ಮೇಲೆ ಅದನ್ನು ತ್ಯಾಜ್ಯದೊಡನೆಯೇ ಕಟ್ಟಬೇಕು. ತಲೆಗೆ ಬಟ್ಟೆ, ಕೈಗೆ ಗವಸು, ಕಾಲಿಗೆ ಗಮ್‌ಬೂಟು ಅವಶ್ಯ.

ನೀರು ಸಿಂಪಡಿಸುವ ಸಾಧನ: ಬೆಳೆಗೆ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರೇ ಇದಕ್ಕೆ ತಕ್ಕ ಸಾಧನ. ಅದನ್ನು ಚೆನ್ನಾಗಿ ತೊಳೆದು ನೀರು ತುಂಬಿ, ಒಂದೆರಡು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ ಸೇರಿಸಬೇಕು. ಎಲೆಕೋಸಿನ ಎಲೆಯ ಮೇಲೆ ಅಂಟುದ್ರವವಿಲ್ಲದೆ ಔಷಧಿ ನಿಲ್ಲದೆ ಜಾರಿಹೋಗುವುದನ್ನು ರೈತರು ಬಲ್ಲರು. ಇಲ್ಲಿಯೂ ಸೋಪು ಸೇರಿಸಿದರೆ ನೀರು ಹರಡಿ ಧೂಳನ್ನು ಹಿಡಿದಿಡುತ್ತದೆ. ಪಂಪುಸೆಟ್ಟಿನ ಕೊಳವೆಯಿಂದ ಜೋರಾಗಿ ನೀರು ಹೊಡೆಯಕೂಡದು. ಅದು ಸವೆದ ಎಳೆಗಳನ್ನು ಕಿತ್ತು ಸುತ್ತಲೂ ಚದುರಿಸುತ್ತದೆ.

ಶೀಟು ಇಳಿಸುವ ಕ್ರಮ

ಈ ಕೆಲಸದಲ್ಲಿ ಧೂಳಿನ ಅಪಾಯ ಮುಂದಿನದಾದರೆ, ಬೀಳುವ ಅಪಾಯ ಆ ಕ್ಷಣದ್ದು. ಹಳೆಯ ಶೀಟು ಮನುಷ್ಯನ ಭಾರವನ್ನು ತಡೆಯುವುದಿಲ್ಲ. ಸದ್ದಿಲ್ಲದೆ ಮುರಿದು ಕೆಳಗೆ ಬೀಳಿಸುತ್ತದೆ. ಬೋಲ್ಟಿನ ಸಾಲಿನ ಮೇಲೆ ಕಾಲಿಟ್ಟರೆ ಏನೂ ಆಗದೆಂಬ ನಂಬಿಕೆಯೂ ತಪ್ಪು. ಆದ್ದರಿಂದ ಶೀಟಿನ ಮೇಲೆ ಯಾರನ್ನೂ ಹತ್ತಿಸದೆ, ಆದಷ್ಟು ಮಟ್ಟಿಗೆ ಒಳಗಿನಿಂದ ಸಾರುವೆ ಕಟ್ಟಿ ಕೆಲಸ ಮಾಡಬೇಕು. ಮೇಲೆ ಹೋಗುವುದು ಅನಿವಾರ್ಯವಾದರೆ ಕನಿಷ್ಠ ಮೂರು ತೊಲೆಗಳ ಮೇಲೆ ಭಾರ ಬೀಳುವಷ್ಟು ಉದ್ದದ ಗಟ್ಟಿ ಹಲಗೆಗಳನ್ನು ಹಾಸಿ, ಸೊಂಟಕ್ಕೆ ಸುರಕ್ಷಾ ಪಟ್ಟಿ ಕಟ್ಟಿ, ಅದರ ಹಗ್ಗವನ್ನು ಭದ್ರವಾದ ಆಧಾರಕ್ಕೆ ಬಿಗಿದಿರಬೇಕು. ಅನುಭವಿ ಕೆಲಸಗಾರರಿಲ್ಲದೆ ಇದಕ್ಕೆ ಕೈಹಾಕಬಾರದು.

1. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು.
2. ಏಣಿ ಅಥವಾ ಸಾರುವೆಯ ಮೇಲೆ ನಿಂತು ಶೀಟಿನ ಎರಡೂ ಬದಿಗೆ ಮಂಜಿನಂತೆ ನೀರು ಸಿಂಪಡಿಸಬೇಕು. ಒದ್ದೆಯಾದ ಹಲಗೆ ಜಾರುವುದೆಂಬ ಎಚ್ಚರವಿರಲಿ. ಕೆಲಸ ಮುಗಿಯುವವರೆಗೆ ಒಣಗಿದಂತೆಲ್ಲ ಮತ್ತೆ ಸಿಂಪಡಿಸುತ್ತಿರಬೇಕು.
3. ಬೋಲ್ಟನ್ನು ಪಾನದಿಂದ ಬಿಚ್ಚಬೇಕು. ಬಿಚ್ಚಲು ಬಾರದಿದ್ದರೆ ಬೋಲ್ಟ್ ಕಟರಿನಿಂದ ಕತ್ತರಿಸಬೇಕು. ಸುತ್ತಿಗೆಯಿಂದ ಶೀಟನ್ನು ಒಡೆದು ಬೋಲ್ಟು ಬಿಡಿಸುವ ಪದ್ಧತಿಯನ್ನು ಬಿಡಬೇಕು. ಗ್ರೈಂಡರ್ ಯಂತ್ರವನ್ನು ಶೀಟಿನ ಹತ್ತಿರ ತರಲೇಕೂಡದು.
4. ಹೊದಿಸಿದ ಕ್ರಮಕ್ಕೆ ಹಿಂದುಮುಂದಾಗಿ ತೆಗೆಯಬೇಕು. ಮೊದಲು ನೆತ್ತಿಯ ಮುಚ್ಚಳ, ಅನಂತರ ಮೇಲಿನ ಸಾಲು, ಕೊನೆಗೆ ಸೂರಿನ ಸಾಲು. ಹೀಗೆ ಮಾಡಿದರೆ ಶೀಟನ್ನು ಎಳೆದಾಡಬೇಕಾಗುವುದಿಲ್ಲ.
5. 3 ಮೀಟರ್ ಉದ್ದದ ಒಂದು ಶೀಟು ಸುಮಾರು 40 ಕಿಲೋ ತೂಗುತ್ತದೆ. ಇಬ್ಬರು ಹಿಡಿದು, ಕೆಳಗೆ ಇನ್ನಿಬ್ಬರು ಪಡೆದು, ಇಡಿಯಾಗಿ ಇಳಿಸಬೇಕು. ಮೇಲಿಂದ ಎಸೆಯಕೂಡದು, ಜಾರಿಬಿಡಕೂಡದು.
6. ಇಳಿಸಿದ ಶೀಟನ್ನು ನೇರವಾಗಿ ಅದನ್ನು ಇಡುವ ಸ್ಥಳಕ್ಕೆ ಒಯ್ದು, ಪಾಲಿಥೀನ್ ಹಾಸಿದ ಮರದ ತುಂಡುಗಳ ಮೇಲೆ ಒಂದರ ಮೇಲೊಂದು ಜೋಡಿಸಬೇಕು.
7. ಒಡೆದ ಚೂರುಗಳನ್ನು ಒದ್ದೆ ಮಾಡಿ ದಪ್ಪ ಪಾಲಿಥೀನ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಅದನ್ನು ಮತ್ತೊಂದು ಚೀಲದೊಳಗೆ ಇಡಬೇಕು. ಗೊಬ್ಬರದ ನೇಯ್ದ ಚೀಲದಿಂದ ಪುಡಿ ಸೋರುವುದರಿಂದ ಅದೊಂದೇ ಸಾಲದು.

ಕೆಲಸದ ನಡುವೆ ಊಟ, ಎಲೆಅಡಿಕೆ, ಬೀಡಿ ಮುಂತಾದವುಗಳನ್ನು ಹಗ್ಗದ ಒಳಗೆ ಸೇವಿಸಕೂಡದು. ಹೊರಗೆ ಬಂದು ಕೈ ಮುಖ ತೊಳೆದೇ ಊಟ ಮಾಡಬೇಕು.

ಕೆಲಸ ಮುಗಿದ ಮೇಲೆ

ನೆಲವನ್ನು ಒಣ ಪೊರಕೆಯಿಂದ ಗುಡಿಸಕೂಡದು. ನೀರು ಚಿಮುಕಿಸಿ ಚೂರುಗಳನ್ನು ಆಯ್ದು, ಕಂಬ ತೊಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಒರೆಸಿದ ಬಟ್ಟೆ, ಮಾಸ್ಕು, ಗವಸುಗಳನ್ನೂ ಚೀಲಕ್ಕೆ ಸೇರಿಸಬೇಕು. ದೋಣಿಯಲ್ಲಿ ಸೇರಿದ ಹೂಳನ್ನು ಒದ್ದೆಯಿರುವಾಗಲೇ ತೆಗೆದು ಚೀಲಕ್ಕೆ ತುಂಬಬೇಕು. ಕಪ್ಪಗೆ ಫಲವತ್ತಾಗಿ ಕಂಡರೂ ತಿಪ್ಪೆಗಾಗಲಿ ಕೈತೋಟಕ್ಕಾಗಲಿ ಹಾಕಬಾರದು.

ಮೊದಲು ಬಟ್ಟೆಗೆ ನೀರು ಸಿಂಪಡಿಸಿಕೊಂಡು ಅದನ್ನು ಕಳಚಿ, ಎಲ್ಲಕ್ಕಿಂತ ಕೊನೆಗೆ ಮಾಸ್ಕು ತೆಗೆಯಬೇಕು. ಅನಂತರ ತಲೆಸಹಿತ ಸ್ನಾನ ಮಾಡಿಯೇ ಮನೆಯೊಳಗೆ ಹೋಗಬೇಕು. ಈ ಬಟ್ಟೆಯನ್ನು ಮನೆಯ ಹೆಂಗಸರಿಗೆ ಒಗೆಯಲು ಹಾಕಕೂಡದು. ಲಂಡನ್ನಿನ ಅಧ್ಯಯನದ ಪಾಠ ಇದೇ ಅಲ್ಲವೇ? ಇಷ್ಟೆಲ್ಲ ಆದ ಮೇಲೆ ಗೋಡೆ ಕೆಡಹಲು ಯಂತ್ರ ಬರಬಹುದು.

ಇಳಿಸಿದ ಶೀಟಿನ ವಿಲೇವಾರಿ

ಜೋಡಿಸಿದ ಶೀಟುಗಳಿಗೆ 200 ಮೈಕ್ರಾನ್, ಅಂದರೆ 800 ಗೇಜಿನ ಪಾಲಿಥೀನ್ ಹಾಳೆಯನ್ನು ಎರಡು ಸುತ್ತು ಹೊದಿಸಿ ಅಂಚುಗಳಿಗೆ ಅಂಟುಪಟ್ಟಿ ಹಾಕಬೇಕು. ಮೇಲೆ "ಕಲ್ನಾರು ತ್ಯಾಜ್ಯ, ಬಿಚ್ಚಬೇಡಿ, ಒಡೆಯಬೇಡಿ" ಎಂದು ದಪ್ಪ ಅಕ್ಷರಗಳಲ್ಲಿ ಬರೆಯಬೇಕು.

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಅನುಸೂಚಿಯಲ್ಲಿ ಕಲ್ನಾರು ತ್ಯಾಜ್ಯದ ಹೆಸರಿದೆ. ಇದರ ವಿಲೇವಾರಿಗೆ 1986ರ ಭಾರತೀಯ ಮಾನಕ 11768 ಸಹ ಶಿಫಾರಸುಗಳನ್ನು ಮಾಡಿದೆ. ಆದ್ದರಿಂದ ಪಂಚಾಯಿತಿಯ ಮೂಲಕ ಅಥವಾ ನೇರವಾಗಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಛೇರಿಯನ್ನು ಸಂಪರ್ಕಿಸಿ, ಅವರು ತಿಳಿಸಿದ ಕಡೆಗೆ ಕಳುಹಿಸಬೇಕು. ಅಲ್ಲಿಯವರೆಗೆ ಜನ ದನ ತಿರುಗಾಡದ ಮೂಲೆಯಲ್ಲಿ ನೆರಳಿನಲ್ಲಿ ಇಡಬಹುದು. ಬಿಸಿಲಿಗೆ ಪಾಲಿಥೀನ್ ಹರಿಯುವುದರಿಂದ ಆಗಾಗ್ಗೆ ನೋಡುತ್ತಿರಬೇಕು.

ಈ ಕೆಳಗಿನವುಗಳನ್ನು ಎಂದಿಗೂ ಮಾಡಕೂಡದು.

* ಕೆರೆ, ಹಳ್ಳ, ಹಾಳುಬಾವಿ, ಕಲ್ಲುಕ್ವಾರಿ, ರಸ್ತೆಬದಿಗೆ ಎಸೆಯುವುದು.
* ಪಾಯ, ಅಂಗಳ, ಗಾಡಿದಾರಿಗೆ ತುಂಬುವುದು.
* ಹೊಲದಲ್ಲಿ ಹೂಳುವುದು. ಈ ಎಳೆ ಗೊಬ್ಬರದಂತೆ ಕೊಳೆಯುವುದಿಲ್ಲ. ಮುಂದೊಂದು ದಿನ ನೇಗಿಲು ಅದನ್ನು ಮೇಲೆ ತರುತ್ತದೆ.
* ಬೆಂಕಿಗೆ ಹಾಕುವುದು. ಕಾದ ಶೀಟು ಸಿಡಿದು ಚೂರು ಹಾರುತ್ತದೆ.
* ಕೊಯ್ದು ಕೋಳಿಗೂಡಿಗೋ ಬಚ್ಚಲ ಮರೆಗೋ ಬಳಸುವುದು, ಗುಜರಿಗೆ ಮಾರುವುದು.

ಒಂದು ಉದಾಹರಣೆ

10 ಮೀಟರ್ ಉದ್ದದ, ಎರಡು ಇಳಿಜಾರಿನ, ಪ್ರತಿ ಇಳಿಜಾರಿಗೂ 3 ಮೀಟರಿನ ಒಂದು ಸಾಲು ಶೀಟು ಹೊದಿಸಿದ ಕೊಟ್ಟಿಗೆಯನ್ನು ತೆಗೆದುಕೊಳ್ಳೋಣ. ಒಂದು ಶೀಟು ಸುಮಾರು ಒಂದು ಮೀಟರ್ ಅಗಲವನ್ನು ಮುಚ್ಚುವುದರಿಂದ ಒಟ್ಟು 20 ಶೀಟುಗಳಾಗುತ್ತವೆ. ತೂಕ ಸುಮಾರು 800 ಕಿಲೋ. ನೂರಕ್ಕೆ 10ರಂತೆ ಹಿಡಿದರೆ ಅದರಲ್ಲಿ ಸುಮಾರು 80 ಕಿಲೋ ಕಲ್ನಾರು ಇದೆ. ಒಂದು ಸಣ್ಣ ಕೊಟ್ಟಿಗೆಯಲ್ಲಿ ಇಷ್ಟು!

ಇದನ್ನು 10 ಶೀಟುಗಳ ಎರಡು ಅಟ್ಟಿಯಾಗಿ ಜೋಡಿಸಿದರೆ, ಎರಡು ಸುತ್ತಿನ ಹೊದಿಕೆಗೆ ಸುಮಾರು 48 ಚದರ ಮೀಟರ್, ಕೆಳಗೆ ಹಾಸಲು ಸುಮಾರು 30 ಚದರ ಮೀಟರ್ ಪಾಲಿಥೀನ್ ಬೇಕು. 200 ಮೈಕ್ರಾನಿನ ಹಾಳೆಯಾದರೆ ಒಟ್ಟು ತೂಕ 15 ಕಿಲೋ ಸುಮಾರು. ಇದರ ಜೊತೆಗೆ ಮಾಸ್ಕು, ಗವಸು, ಸೋಪು, ಅಂಟುಪಟ್ಟಿ ಮತ್ತು ಐದಾರು ಜನರ ಒಂದು ದಿನದ ಕೂಲಿ. ಹೊಸ ಕೊಟ್ಟಿಗೆಗೆ ತಗಲುವ ವೆಚ್ಚದ ಮುಂದೆ ಇದು ದೊಡ್ಡದಲ್ಲ.

ಈಗಾಗಲೇ ಒಡೆದುಹೋಗಿದ್ದರೆ

ತಿಳಿಯದೆ ಕೆಡವಿದ್ದರೆ ಗಾಬರಿಗೊಳ್ಳಬೇಕಾಗಿಲ್ಲ. ಒಂದು ದಿನದ ಧೂಳಿನಿಂದ ಕಾಯಿಲೆ ಬಂದೇ ತೀರುವುದೆಂದು ಅರ್ಥವಲ್ಲ. ಕೂಡಲೇ ಕ್ಷಕಿರಣ ಪರೀಕ್ಷೆ ಮಾಡಿಸಿದರೂ ಅದರಲ್ಲಿ ಏನೂ ಕಾಣದು. ಮೊದಲು ರಾಶಿಗೆ ನೀರು ಸಿಂಪಡಿಸಿ ಟಾರ್ಪಾಲು ಮುಚ್ಚಿ, ಮಾಸ್ಕು ಧರಿಸಿ ಮೇಲೆ ಹೇಳಿದಂತೆ ಚೂರುಗಳನ್ನು ಆಯಬೇಕು. ದಾರಿಗೆ ಹರಡಿದ್ದರೆ ಆಯ್ದು ತೆಗೆಯಬೇಕು. ಆಯಲಾಗದಷ್ಟು ಪುಡಿಯಾಗಿದ್ದರೆ ಮೇಲೆ ದಪ್ಪನೆಯ ಮಣ್ಣು ಹಾಕಿ ಗಟ್ಟಿಸಿ, ಪಂಚಾಯಿತಿಗೆ ತಿಳಿಸಬೇಕು. ವರ್ಷಗಟ್ಟಲೆ ಈ ಕೆಲಸ ಮಾಡಿದವರು ಕೆಮ್ಮು, ಉಬ್ಬಸವೆಂದು ವೈದ್ಯರ ಬಳಿ ಹೋದಾಗ "ಕಲ್ನಾರು ಶೀಟಿನ ಕೆಲಸ ಮಾಡಿದ್ದೇನೆ" ಎಂದು ತಪ್ಪದೆ ಹೇಳಬೇಕು. ಬೀಡಿ ಸಿಗರೇಟು ಬಿಡುವುದು ಎಲ್ಲಕ್ಕಿಂತ ಮುಖ್ಯ.

ಕಟ್ಟಡ ಗಟ್ಟಿಯಾಗಿದ್ದು, ಶೀಟು ಬಿರುಕಿಲ್ಲದೆ ಇದ್ದರೆ ಕಲ್ನಾರೆಂಬ ಕಾರಣಕ್ಕೇ ಅವಸರದಲ್ಲಿ ಕೀಳಬೇಕಾಗಿಲ್ಲ. ಅದನ್ನು ಕೊರೆಯದೆ, ಉಜ್ಜದೆ, ಪಾಚಿ ಕೆರೆಯದೆ ಇದ್ದಲ್ಲಿಯೇ ಬಿಡುವುದು ಸರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಹೊಸ ಕೊಟ್ಟಿಗೆ, ಕೋಳಿಮನೆ, ರೇಷ್ಮೆಮನೆಗಳಿಗೆ ಸಹಾಯಧನ ಅಥವಾ ಸಾಲದ ಅರ್ಜಿ ಬಂದಾಗ "ಹಳೆಯ ಕಟ್ಟಡದ ಛಾವಣಿ ಯಾವುದು? ಅದನ್ನು ಯಾವಾಗ, ಹೇಗೆ ಇಳಿಸುವಿರಿ?" ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ರೈತರ ತರಬೇತಿಗೆ ಊರಿನ ಮೇಸ್ತ್ರಿಗಳನ್ನೂ ಜೆಸಿಬಿ ಚಾಲಕರನ್ನೂ ಕರೆಯುವುದು ಒಳ್ಳೆಯದು. ಬೇಡವೆಂದು ಒಬ್ಬ ಚಾಲಕ ಹೇಳಿದರೆ ಹತ್ತು ಊರಿನ ಶೀಟು ಪುಡಿಯಾಗದೆ ಉಳಿಯುತ್ತದೆ. ಸ್ಪ್ರೇಯರಿನಿಂದ ಶೀಟು ನೆನೆಸುವುದನ್ನೂ ಮಾಸ್ಕು ಧರಿಸುವುದನ್ನೂ ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿದರೆ ಬೇಗ ಮನದಟ್ಟಾಗುತ್ತದೆ. ಒಂದೇ ಊರಿನ ನಾಲ್ಕಾರು ರೈತರು ಕೂಡಿ ಒಂದೇ ಸಾರಿ ಶೀಟು ಕಳುಹಿಸಿದರೆ ಸಾಗಣೆಯ ಖರ್ಚೂ ಇಳಿಯುತ್ತದೆ.

ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ ಕಲ್ನಾರಿನ ಬಳಕೆಯನ್ನು ನಿಷೇಧಿಸಿದವು. ಆದರೂ ಹಿಂದೆ ಹೊದಿಸಿದ ಛಾವಣಿಗಳನ್ನು ಆ ದೇಶಗಳು ಇಂದಿಗೂ ಎಚ್ಚರಿಕೆಯಿಂದ ಇಳಿಸುತ್ತಲೇ ಇವೆ. ನಮ್ಮಲ್ಲಿ ಈ ಶೀಟು ಈಗಲೂ ಮಾರಾಟದಲ್ಲಿರುವುದರಿಂದ ನಮ್ಮ ಮುಂದಿರುವ ಕೆಲಸ ಇನ್ನೂ ದೊಡ್ಡದು.

ಒಟ್ಟಿನಲ್ಲಿ ರೈತ ಬಾಂಧವರು ನೆನಪಿಡಬೇಕಾದುದು ಇಷ್ಟೇ. ಯಂತ್ರ ಬರುವ ಮುನ್ನ ಶೀಟು ಕೆಳಗಿಳಿದಿರಬೇಕು. ಒದ್ದೆಯಾಗಿ ಇಳಿಯಬೇಕು, ಇಡಿಯಾಗಿ ಇಳಿಯಬೇಕು, ಇಳಿದದ್ದು ಹೊದಿಕೆಯೊಳಗೆ ಸೇರಬೇಕು. ಒಂದು ದಿನದ ಈ ಶ್ರಮದಿಂದ ಮನೆಯ ಮಕ್ಕಳನ್ನೂ ಕೆಲಸಕ್ಕೆ ಬಂದವರನ್ನೂ ಮುಂದಿನ ಮೂವತ್ತು ನಲವತ್ತು ವರ್ಷಗಳ ಅಪಾಯದಿಂದ ಪಾರುಮಾಡಬಹುದು.